ಸಲಹೆಗಾರರ ಮಾಡೆಲ್: ಈ ಸಲ ಜೂನ್ ತಿಂಗಳು ಸೇರಿತು

ಉಳಿತಾಯದ ಸಲಹೆಗಾರರು ಮತ್ತು ಅವರ ಗಿರಾಕಿಗಳ ಬಗ್ಗೆ ನಾನು ಬರೆಯುತ್ತಿರುವ ಕಂಪ್ಯೂಟರ್ ಮಾಡೆಲ್‌ಗೆ ಕೊನೆಗೂ ಜೂನ್ ತಿಂಗಳನ್ನು ಸೇರಿಸಿದೆ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಸಂಸಾರ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಫೀಸು, ಪುಸ್ತಕ, ಯೂನಿಫಾರ್ಮು, ಮೇ ರಜೆಯಲ್ಲಿ ಊರಿಗೆ ಹೋಗಿ ಬಂದ ಖರ್ಚು, ಎಲ್ಲ ಒಟ್ಟಿಗೇ ಬಂದು ಕೂರುತ್ತವೆ.

ಹೊಸದಾಗಿ ಓದುವವರಿಗೆ: ಇದು ಪೈಥಾನ್‌ನಲ್ಲಿ ಬರೆದ ಸಣ್ಣ ಸಿಮ್ಯುಲೇಶನ್, ಅಂದರೆ ಕಂಪ್ಯೂಟರ್ ಒಳಗಿನ ಅಣಕು ಪ್ರಯೋಗ. ಒಂದು ಕಡೆ ಸಂಬಳದವರು, ಒಬ್ಬೊಬ್ಬರಿಗೂ ಒಂದು ದೂರದ ಗುರಿ. ಮಗಳ ಇಂಜಿನಿಯರಿಂಗ್, ಊರಲ್ಲಿ ಮನೆ, ಹೀಗೆ. ಇನ್ನೊಂದು ಕಡೆ ಸಲಹೆಗಾರರು. ಲೆಕ್ಕದ ಭಾಗ ಸುಲಭ. ಸರ್ಕಾರಿ ಉಳಿತಾಯ ಯೋಜನೆ ಪಿಪಿಎಫ್ ಅಂದರೆ 15 ವರ್ಷ, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ, ಅದನ್ನು ಯಾರು ಬೇಕಾದರೂ ಕೋಡ್ ಮಾಡಬಹುದು. ಕಷ್ಟ ಇರುವುದು ಮನುಷ್ಯನ ವಿಷಯದಲ್ಲಿ. ಅದಕ್ಕೆ ಅರ್ಥಶಾಸ್ತ್ರಜ್ಞ ಡೇವಿಡ್ ಲೈಬ್‌ಸನ್ 1997ರಲ್ಲಿ ಬಳಸಿದ ಬೀಟಾ-ಡೆಲ್ಟಾ ಸೂತ್ರ ತೆಗೆದುಕೊಂಡಿದ್ದೇನೆ. ಇವತ್ತಿನ ರೂಪಾಯಿಗೆ ಪೂರ್ತಿ ಬೆಲೆ, ಮುಂದಿನದ್ದಕ್ಕೆಲ್ಲ ಮೊದಲೇ ಒಂದು ಕಡಿತ. ಆ ಕಡಿತವನ್ನು ಹೇಳುವುದೇ ಬೀಟಾ. ನನ್ನ ಬೀಟಾ 0.7, ಅಂದರೆ ಮುಂದಿನ ಒಂದು ರೂಪಾಯಿ ಮೊದಲೇ 70 ಪೈಸೆಗೆ ಇಳಿಯುತ್ತದೆ.

ಜೂನ್ ಸೇರಿಸಿದ್ದೇ ತಡ, ಪಕ್ಕಾ ಲೆಕ್ಕದ ಸಲಹೆಗಾರನ ಗಿರಾಕಿಗಳು ಉದುರತೊಡಗಿದರು. ಅವನು ಗುರಿಗೆ ಎಷ್ಟು ಬೇಕೋ ಅಷ್ಟನ್ನೂ ಮೊದಲ ತಿಂಗಳಿಂದಲೇ ಕಟ್ಟಿಸುತ್ತಾನೆ. 41ನೇ ನಂಬರಿನವನನ್ನು ನೋಡಿ: ಏಪ್ರಿಲ್ ಎಂಟು ಸಾವಿರ, ಮೇ ಎಂಟು ಸಾವಿರ, ಜೂನ್ ಸೊನ್ನೆ, ಜುಲೈ ಸೊನ್ನೆ. ಆಮೇಲೆ ಫೋನೇ ಎತ್ತುವುದಿಲ್ಲ. ಆಗಸ್ಟಿನಲ್ಲಿ ಕೈಯಲ್ಲಿ ದುಡ್ಡಿದೆ, ಆದರೆ ಮುಖ ತೋರಿಸಲು ಸಂಕೋಚ. ಈ ಸಂಕೋಚಕ್ಕೂ ಒಂದು ವೇರಿಯಬಲ್ ಇಟ್ಟಿದ್ದೇನೆ, ಕಂತು ತಪ್ಪಿದಷ್ಟೂ ಏರುತ್ತದೆ. ಇಡೀ ಮಾಡೆಲ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅದೇ.

ಇನ್ನೊಬ್ಬ ಸಲಹೆಗಾರ ಅರ್ಥಶಾಸ್ತ್ರಜ್ಞರಾದ ಥೇಲರ್ ಮತ್ತು ಬೆನಾರ್ಟ್ಜಿ ದಾರಿಯವನು. ಈಗ ಸ್ವಲ್ಪ ಸಾಕು, ಸಂಬಳ ಏರಿದಾಗ ಏರಿಸೋಣ ಅಂತ ಮೊದಲೇ ಒಪ್ಪಿಸಿಟ್ಟುಕೊಳ್ಳುತ್ತಾನೆ. ಅವರಿಬ್ಬರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೌಕರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತ್ತು. ನನ್ನ ಮಾಡೆಲ್‌ನಲ್ಲಿ ಅಷ್ಟು ಏರಲಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ಕೂಡಲೇ ಮನೆ ಮಾಲೀಕರೂ ಆ ಇನ್‌ಕ್ರಿಮೆಂಟಿನಲ್ಲಿ ಪಾಲು ಕೇಳುತ್ತಾರೆ, ಅಲ್ವಾ? ಆದರೂ ಇವನ ಗಿರಾಕಿಗಳು ಜೂನ್ ದಾಟುತ್ತಾರೆ.

ಮುಂದಿನ ಕೆಲಸ ಸಲಹೆಗಾರರ ಫೀಸು, ಕಮಿಷನ್ ಸೇರಿಸುವುದು. ಷೇರುಪೇಟೆ ನಿಯಂತ್ರಕ ಸೆಬಿಯ 2013ರ ನಿಯಮಗಳಡಿ ನೋಂದಾಯಿಸಿದ ಸಲಹೆಗಾರ ಗಿರಾಕಿಯಿಂದಲೇ ಫೀಸು ಪಡೆಯುತ್ತಾನೆ, ಮ್ಯೂಚುವಲ್ ಫಂಡ್ ವಿತರಕನಿಗೆ ಕಮಿಷನ್ ಕೊಡುವುದು ಫಂಡ್ ಕಂಪನಿ. ಫೀಸು ಅಂದ ಕೂಡಲೇ "ಬೇಡ ಬಿಡಿ" ಅನ್ನುವವರನ್ನು ಸಂಖ್ಯೆಗೆ ಇಳಿಸುವುದು ಹೇಗೆ? ಸದ್ಯಕ್ಕೆ ಮೂವರಲ್ಲಿ ಒಬ್ಬ ಎದ್ದು ಹೋಗುತ್ತಾನೆ ಅಂತ ಸುಮ್ನೆ ಇಟ್ಟಿದ್ದೇನೆ. ಈ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ ಸರಿಯಾದ ಅಂದಾಜು ಹೇಳಿ, ಹಾಕಿಕೊಳ್ಳುತ್ತೇನೆ.