ಸಂರಕ್ಷಣೆ ಕೋರ್ಸಿನಲ್ಲಿ ಮೊದಲು ಟೇಪು, ಆಮೇಲೆ ವಿನ್ಯಾಸ

ಬಿ.ಆರ್ಕ್. (ವಾಸ್ತುಶಿಲ್ಪದ ಪದವಿ) ಮುಗಿಸಿದವರಿಗೆ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯಲ್ಲಿ ಎಂ.ಆರ್ಕ್. ಮಾಡಲು ದಿಲ್ಲಿ, ಭೋಪಾಲದ ಎಸ್‌ಪಿಎಗಳಲ್ಲಿ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್) ಅವಕಾಶವಿದೆ. ಐದು ವರ್ಷ ‘ಹೇಗಿರಬೇಕು’ ಎಂದು ಗೆರೆ ಎಳೆದವರಿಗೆ ‘ಹೇಗಿದೆ’ ಎಂದು ಎಳೆಯುವುದೇ ಇಲ್ಲಿ ಕಷ್ಟ. ಕೈ ತಾನಾಗಿಯೇ ಗೋಡೆಯನ್ನು ನೆಟ್ಟಗೆ ಮಾಡಿಬಿಡುತ್ತದೆ, ಮೂಲೆಯನ್ನು 90 ಡಿಗ್ರಿಗೆ ತಂದುಬಿಡುತ್ತದೆ.

ಒಂದು ತೊಟ್ಟಿಮನೆಯನ್ನೇ ತೆಗೆದುಕೊಳ್ಳಿ. ಅಳತೆಗೆ ಮೂವರು ಬೇಕು: ಟೇಪಿನ ಸೊನ್ನೆ ಹಿಡಿಯುವವರು, ಓದುವವರು, ಬರೆಯುವವರು. ಬರೆಯುವವರು ಕೇಳಿದ ಅಂಕಿಯನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಮೊದಲ ಕೆಲಸ ನೀರಿನ ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಕೊಳವೆ) ಹಿಡಿದು, ನೆಲದಿಂದ ಸುಮಾರು 1 ಮೀಟರ್ ಎತ್ತರದಲ್ಲಿ ಇಡೀ ಮನೆಗೆ ಒಂದೇ ಮಟ್ಟದ ಗುರುತು ಹಾಕುವುದು. ಟ್ಯೂಬಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಮುಂದೆ ಹೊಸ್ತಿಲು, ಕಿಟಕಿ, ತೊಲೆ ಎಲ್ಲದರ ಎತ್ತರವೂ ಈ ಗೆರೆಯಿಂದಲೇ. ನೆಲದಿಂದ ಅಳೆಯಬಾರದು, ಏಕೆಂದರೆ ಹಳೆಯ ನೆಲ ಕುಸಿದಿರುತ್ತದೆ.

ಬಾಗಿಲು, ಕಿಟಕಿಗಳ ನಡುವಿನ ಅಂತರವನ್ನು ಬಿಡಿಬಿಡಿಯಾಗಿ ಅಳೆದು ಕೂಡುವುದು ಎಲ್ಲರೂ ಮಾಡುವ ತಪ್ಪು. ಪ್ರತಿ ಅಳತೆಯಲ್ಲೂ 5 ಮಿ.ಮೀ. ಒಂದೇ ಕಡೆಗೆ ತಪ್ಪಿದರೆ, ಒಂಬತ್ತು ಅಳತೆ ಮುಗಿಯುವಾಗ 45 ಮಿ.ಮೀ. ಆಯಿತು. ಟೇಪಿನ ಸೊನ್ನೆಯನ್ನು ಮೂಲೆಯಲ್ಲೇ ಬಿಟ್ಟು, ಉದ್ದಕ್ಕೂ ಓದುತ್ತಾ ಹೋಗಬೇಕು. ಪ್ರತಿ ಕೋಣೆಗೂ ಎರಡು ಕರ್ಣ ಕಡ್ಡಾಯ. 4.20 × 3.60 ಮೀಟರಿನ ಕೋಣೆ ಸರಿಯಾದ ಆಯತವಾಗಿದ್ದರೆ ಎರಡೂ ಕರ್ಣ 5.53 ಮೀಟರ್ ಬರಬೇಕು. ಒಂದು 5.60, ಇನ್ನೊಂದು 5.46 ಬಂದರೆ ಮೂಲೆ ಸುಮಾರು ಒಂದೂವರೆ ಡಿಗ್ರಿ ಓರೆ. ಅದನ್ನು ‘ಸರಿಪಡಿಸದೆ’ ಓರೆಯಾಗಿಯೇ ಬರೆಯಿರಿ. ಗೋಡೆ ವಾಲಿದೆಯೇ ಎಂದು ತಿಳಿಯಲು ಮೇಲಿನಿಂದ ತೂಕದ ಗುಂಡು ಇಳಿಬಿಟ್ಟು, ಪ್ರತಿ ಅರ್ಧ ಮೀಟರಿಗೆ ದಾರಕ್ಕೂ ಗೋಡೆಗೂ ಇರುವ ಅಂತರ ಬರೆದುಕೊಳ್ಳಿ. ಗುಂಡು ಓಲಾಡುತ್ತಿದ್ದರೆ ಬಕೆಟ್ ನೀರಿನಲ್ಲಿ ಮುಳುಗಿಸಿದರಾಯಿತು.

ಫೋಟೊಗ್ರಾಮೆಟ್ರಿ, ಅಂದರೆ ಫೋಟೊಗಳನ್ನು ಹೋಲಿಸಿ ಅಳತೆ ತೆಗೆಯುವ ವಿಧಾನ, ಬಂದ ಮೇಲೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕೆತ್ತನೆ ಇರುವ ಕಲ್ಲುಕಂಬಕ್ಕೆ ಅದು ಬಹಳ ಚೆನ್ನ. ಪಕ್ಕಪಕ್ಕದ ಫೋಟೊಗಳು 60–80 ಶೇಕಡಾ ಒಂದರ ಮೇಲೊಂದು ಬರಬೇಕು, ಅಳತೆಪಟ್ಟಿ ಚಿತ್ರದಲ್ಲಿರಬೇಕು, ಅಷ್ಟೇ. ಆದರೆ ಬೋಳು ಸುಣ್ಣದ ಗೋಡೆಯಲ್ಲಿ ಹೋಲಿಸಲು ಗುರುತೇ ಸಿಗದೆ ಸಾಫ್ಟ್‌ವೇರ್ ಸೋಲುತ್ತದೆ. ತೊಲೆಯ ತುದಿ ಗೋಡೆಯೊಳಗೆ ಕೊಳೆತು ಲಡ್ಡಾಗಿದೆಯೇ ಎಂಬುದಂತೂ ಯಾವ ಕ್ಯಾಮೆರಾಕ್ಕೂ ಕಾಣದು, ತಟ್ಟಿ ಕೇಳಬೇಕು.

ತೇವದ ಕಲೆ ಎಷ್ಟು ಎತ್ತರಕ್ಕೆ ಏರಿದೆ ಎಂದೂ ಗೋಡೆಯ ನಕ್ಷೆಯಲ್ಲಿ ಗೆರೆ ಹಾಕಿ. ಸುಣ್ಣದ ಗಾರೆಯ ಗೋಡೆಗೆ ಹಿಂದೆ ಯಾರೋ ಸಿಮೆಂಟ್ ಬಳಿದಿದ್ದರೆ ಆ ಗೆರೆ ಸಿಮೆಂಟಿನ ಅಂಚು ದಾಟಿ ಮೇಲೆ ಹೋಗಿರುತ್ತದೆ. ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿದ್ದ ನೀರಿಗೆ ದಾರಿ ಮುಚ್ಚಿದೆ. ಉಪ್ಪು ಇಟ್ಟಿಗೆಯೊಳಗೇ ಹರಳುಗಟ್ಟಿ ಮುಖ ಉದುರಿಸುತ್ತದೆ. ಈ ಗೆರೆಯಿಲ್ಲದೆ ಬರೆದ ದುರಸ್ತಿ ಅಂದಾಜು ಬರೀ ಬಣ್ಣದ ಅಂದಾಜು.

ಮಾಹಿತಿ ವ್ಯವಸ್ಥೆಯ ಪೇಪರನ್ನು ಬಹಳ ಜನ ಹಗುರವಾಗಿ ನೋಡುತ್ತಾರೆ, ಪೆಟ್ಟು ತಿನ್ನುವುದು ಅಲ್ಲೇ. ಪ್ರತಿ ಬಾಗಿಲು, ಕಂಬ, ಬೋದಿಗೆಗೆ (ಕಂಬದ ತಲೆಯ ಮೇಲೆ ತೊಲೆ ಹೊರುವ ತುಂಡು) ಒಂದು ಸಂಖ್ಯೆ ಕೊಡಿ: ಕೋಣೆ 3, ಬಾಗಿಲು 2 ಎಂದರೆ ‘ಕೋ3-ಬಾ2’. ಬದಲಾಗದ ಸಂಗತಿಗೆ (ಮರ, ಅಳತೆ, ಜಾಗ) ಒಂದು ಟೇಬಲ್; ಬದಲಾಗುವ ಸ್ಥಿತಿಗೆ ದಿನಾಂಕದ ಸಮೇತ ಇನ್ನೊಂದು. ಎರಡನ್ನೂ ಒಂದರಲ್ಲೇ ತುರುಕಿದರೆ ಮುಂದಿನ ವರ್ಷದ ತಪಾಸಣೆ ಈ ವರ್ಷದ್ದನ್ನು ಅಳಿಸಿಹಾಕುತ್ತದೆ. ಒಬ್ಬರು ‘ಬಿರುಕು’, ಒಬ್ಬರು ‘ಸೀಳು’, ಮತ್ತೊಬ್ಬರು ‘ಕ್ರ್ಯಾಕ್’ ಎಂದು ತುಂಬಿದರೆ ಎಣಿಕೆಗೆ ಒಂದೂ ಸರಿಯಾಗಿ ಸಿಗದು. ಆಯ್ಕೆಪಟ್ಟಿ ಮಾಡಿ, ಬೆರಳಚ್ಚು ಮಾಡಲು ಬಿಡಬೇಡಿ.

ಇನ್ನು ನಕ್ಷೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ವಿದ್ಯಾರ್ಥಿಗಳು ದೇವಸ್ಥಾನದ ನಡುವೆ ಚುಕ್ಕಿ ಇಟ್ಟು ವೃತ್ತ ಎಳೆಯುತ್ತಾರೆ. ತಪ್ಪು, ಲೆಕ್ಕ ಶುರುವಾಗುವುದು ಸಂರಕ್ಷಿತ ಪ್ರದೇಶದ ಗಡಿಯಿಂದ. ಅಕ್ಷಾಂಶ–ರೇಖಾಂಶದ ಡಿಗ್ರಿಯಲ್ಲೇ ಬಫರ್ (ಗಡಿಯ ಸುತ್ತ ಇಷ್ಟು ದೂರವೆಂಬ ಪಟ್ಟಿ) ಹಾಕಿದರೂ ಕೆಟ್ಟಿತು. ಮೊದಲು ಯುಟಿಎಂಗೆ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ನಕ್ಷೆ ಪದ್ಧತಿ) ಬದಲಿಸಿ. ಹಂಪಿ, ಬೆಂಗಳೂರು 43ನೇ ವಲಯ. 78 ಡಿಗ್ರಿ ರೇಖಾಂಶ ದಾಟಿದ ಕೋಲಾರ 44ನೆಯದು.

ಜಾಗತಿಕ ಅಧ್ಯಯನದ ತರಗತಿಗೆ ಹಂಪಿಗಿಂತ ಒಳ್ಳೆಯ ಪಾಠ ಬೇಡ. 1986ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಅದನ್ನು 1999ರಲ್ಲಿ ಯುನೆಸ್ಕೊ ‘ಅಪಾಯದಲ್ಲಿರುವ’ ಪಟ್ಟಿಗೆ ಹಾಕಿತು. ಆನೆಗೊಂದಿ ಕಡೆಗೆ ಕಟ್ಟುತ್ತಿದ್ದ ಸೇತುವೆ ಅದಕ್ಕೊಂದು ಮುಖ್ಯ ಕಾರಣ. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು, 2009ರಲ್ಲಿ ಸೇತುವೆಯೇ ಕುಸಿಯಿತು. ನದಿ ದಾಟಬೇಕಾದ ಊರವರ ಅಗತ್ಯವನ್ನು ಬಿಟ್ಟು ಈ ಪ್ರಕರಣದ ಮೇಲೆ ಪ್ರಬಂಧ ಬರೆದರೆ ಅರ್ಧ ಅಂಕ ಕೊಡುವುದೂ ಹೆಚ್ಚೇ.