ವರ್ಷ ವರ್ಷ ಸಿಬ್ಬಂದಿ ಖಾಲಿಯಾಗುವ ಟಿವಿ ಸ್ಟೇಷನ್

ವಿಶ್ವವಿದ್ಯಾಲಯದ ವಿದ್ಯಾರ್ಥಿ ಟಿವಿ ಸ್ಟೇಷನ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಕ್ಯಾಮೆರಾ ಇದೆ, ಸ್ಟುಡಿಯೋ ಎಷ್ಟು ದೊಡ್ಡದು ಅಂತ ಜನ ಕೇಳುತ್ತಾರೆ. ನನ್ನ ತಲೆಬಿಸಿ ಅದಲ್ಲ. ಕೆಲಸ ಚೆನ್ನಾಗಿ ಕಲಿತವರೆಲ್ಲ ಪದವಿ ಮುಗಿಸಿ ಹೊರಟುಬಿಡುತ್ತಾರೆ, ಅದೇ ತಲೆಬಿಸಿ. ಬೇರೆ ಆಫೀಸುಗಳಲ್ಲಿ ಒಳ್ಳೆಯವರು ಬಿಟ್ಟು ಹೋದರೆ ಬೇಜಾರು. ಇಲ್ಲಿ ಹೋಗದೆ ಉಳಿದರೆ ಯಾವುದೋ ಸಬ್ಜೆಕ್ಟ್ ಬಾಕಿ ಇರಬೇಕು ಅಂತ ಅನುಮಾನ!

ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಟೆಲಿವಿಷನ್ ಶುರುವಾದದ್ದು 1964ರಲ್ಲಿ. ಅಷ್ಟು ವರ್ಷ ನಡೆಯಬೇಕಾದರೆ ಕೆಲಸ ಬ್ಯಾಚಿಂದ ಬ್ಯಾಚಿಗೆ ದಾಟಿಕೊಂಡೇ ಬರಬೇಕು, ಬೇರೆ ದಾರಿ ಇಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಸ್ಟೇಷನ್ ನಡೆಸುವುದು ಅಂದರೆ ಕಾರ್ಯಕ್ರಮ ಮಾಡುವುದಕ್ಕಿಂತ ಜಾಸ್ತಿ, ಮುಂದಿನವರನ್ನು ತಯಾರು ಮಾಡುವುದು.

ಹೊಸಬರು ಸೇರುವ ದಿನ ಸಾಲಾಗಿ ಬಂದು ಹೇಳುವುದು ಒಂದೇ ಮಾತು: "ಸರ್, ನಾನು ಆ್ಯಂಕರಿಂಗ್‌ಗೆ." ತಪ್ಪೇನಿಲ್ಲ. ಟಿವಿಯಲ್ಲಿ ಕಾಣುವುದು ಆ್ಯಂಕರ್ ಮಾತ್ರ ಅಲ್ವಾ? ಆದರೆ ಒಂದು ಸಣ್ಣ ಬುಲೆಟಿನ್‌ಗೂ ಡೈರೆಕ್ಟರ್, ಸ್ವಿಚರ್ (ಯಾವ ಕ್ಯಾಮೆರಾದ ಚಿತ್ರ ಪರದೆಗೆ ಹೋಗಬೇಕೋ ಅದರ ಬಟನ್ ಒತ್ತುವವರು), ಸೌಂಡ್, ಗ್ರಾಫಿಕ್ಸ್, ಪ್ರಾಂಪ್ಟರ್ (ಆ್ಯಂಕರ್ ಓದುವ ಸಾಲುಗಳನ್ನು ಓಡಿಸುವವರು), ಫ್ಲೋರ್ ಮ್ಯಾನೇಜರ್, ಕ್ಯಾಮೆರಾದವರು ಇಷ್ಟು ಜನ ಬೇಕು. ಅದಕ್ಕೇ ಮೊದಲ ಒಂದು ತಿಂಗಳು ಯಾರಿಗೂ ಆಯ್ಕೆ ಕೊಡುವುದಿಲ್ಲ. ಎಲ್ಲರೂ ಎಲ್ಲ ಕುರ್ಚಿಯಲ್ಲೂ ಕೂರಬೇಕು. ಆ್ಯಂಕರ್ ಆಗಬೇಕು ಅಂತ ಬಂದವರಿಗೆ ಸ್ವಿಚರ್ ಬಟನ್ ರುಚಿ ಹತ್ತಿದ ಮೇಲೆ ಎಬ್ಬಿಸುವುದೇ ಕಷ್ಟ.

ಸಿಗದೇ ಇರುವವರು ಅಂದರೆ ಸೌಂಡ್‌ನವರು. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ಮುಂದಕ್ಕೆ ಸರಿಸಿಬಿಡುತ್ತಾರೆ. ಆದರೂ ಸೌಂಡ್ ಅಂದರೆ ಮಕ್ಕಳಿಗೆ ಮೂಲೆಗೆ ತಳ್ಳಿದ ಹಾಗೆ. ಇದಕ್ಕೆ ನಾನೊಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಖಾಲಿ ಸ್ಟುಡಿಯೋದಲ್ಲಿ ಮೈಕ್ ಆನ್ ಮಾಡಿ ಹೆಡ್‌ಫೋನ್ ಕೊಡುತ್ತೇನೆ. "ಏನೇನು ಕೇಳಿಸ್ತಿದೆ?" ಅಂತ ಕೇಳುತ್ತೇನೆ. ಕೆಲವರು "ಏನೂ ಇಲ್ಲ ಸರ್" ಅಂತಾರೆ. ಯಾರೋ ಒಬ್ಬರು ಕಣ್ಣು ಮುಚ್ಚಿ, "ಎಸಿ ಗಾಳಿ, ಒಂದು ಲೈಟು ಗುಂಯ್ ಅಂತಿದೆ, ಹೊರಗೆ ಯಾರೋ ಕುರ್ಚಿ ಎಳೆದ್ರು" ಅಂತಾರೆ. ಅವರನ್ನು ನಾನು ಬಿಡುವುದಿಲ್ಲ. ಉಳಿದದ್ದು ಕಲಿಸಬಹುದು. ಕಾಲರ್ ಮೈಕ್ ಗಲ್ಲದಿಂದ ಹೆಚ್ಚು ಕಡಿಮೆ ಒಂದು ಗೇಣು ಕೆಳಗಿರಲಿ, ಬಟ್ಟೆಗೆ ಉಜ್ಜದಿರಲಿ. ಮಾತು ಏರಿದಾಗ ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸು ಇರಲಿ. ಡಿಜಿಟಲ್‌ನಲ್ಲಿ ಮೀಟರಿನ ತುದಿಯಾದ 0 ಮುಟ್ಟಿ ದನಿ ಒಡೆಯಿತು ಅಂದರೆ ಎಡಿಟಿಂಗ್‌ನಲ್ಲಿ ಅದನ್ನು ಪೂರ್ತಿ ಸರಿ ಮಾಡಲಾಗುವುದಿಲ್ಲ. ಇಷ್ಟು ಕೆಲವು ದಿನಗಳ ಪಾಠ. ಕಿವಿ ಮಾತ್ರ ಅವರದೇ ಇರಬೇಕು.

ಪ್ರತಿ ಕುರ್ಚಿಗೂ ಇಬ್ಬರು, ಒಬ್ಬರು ಸೀನಿಯರ್, ಒಬ್ಬರು ಜೂನಿಯರ್. ಇದರಲ್ಲಿ ರಾಜಿ ಇಲ್ಲ. ಕೆಲವು ವಾರ ಸೀನಿಯರ್ ಕೂರುತ್ತಾರೆ, ಜೂನಿಯರ್ ನೋಡುತ್ತಾರೆ. ಆಮೇಲೆ ಅದಲುಬದಲು. ಆಗ ಸೀನಿಯರ್ ಕೈ ಕಟ್ಟಿ ಹಿಂದೆ ನಿಲ್ಲಬೇಕು, ಬಟನ್ ಮುಟ್ಟುವ ಹಾಗಿಲ್ಲ.

ಇದು ಹೇಳಿದಷ್ಟು ಸುಲಭ ಅಲ್ಲ. ಲೈವ್ ನಡೆಯುತ್ತಿರುತ್ತದೆ. ಡೈರೆಕ್ಟರ್ ಟಾಕ್‌ಬ್ಯಾಕ್‌ನಲ್ಲಿ, ಅಂದರೆ ತಂಡದವರಿಗಷ್ಟೇ ಕೇಳಿಸುವ ಹೆಡ್‌ಸೆಟ್‌ನಲ್ಲಿ, "ಕ್ಯಾಮೆರಾ 2 ಸ್ಟ್ಯಾಂಡ್‌ಬೈ" ಅಂತಾರೆ. ಜೂನಿಯರ್ ಬೆರಳು 2ರ ಮೇಲೆ ನಡುಗುತ್ತಿರುತ್ತದೆ. "ಟೇಕ್ 2" ಅನ್ನುವಷ್ಟರಲ್ಲಿ ಬೆರಳು 3 ಒತ್ತಿರುತ್ತದೆ. ಪರದೆ ಮೇಲೆ ಅತಿಥಿಗಳು ನೀರು ಕುಡಿಯುತ್ತಿರುತ್ತಾರೆ. ಹಿಂದೆ ನಿಂತ ಸೀನಿಯರ್ ಹಲ್ಲು ಕಚ್ಚಿ ಸುಮ್ನಿರಬೇಕು. ಜೂನಿಯರ್ ತಾನೇ 2ಕ್ಕೆ ಬರುತ್ತಾರೆ. ನೋಡುವವರಿಗೆ ಅದು ಎರಡು ಸೆಕೆಂಡಿನ ಎಡವಟ್ಟು ಅಷ್ಟೇ. ಜೂನಿಯರ್ ಆ ಎರಡು ಸೆಕೆಂಡನ್ನು ಪಾಸಾಗಿ ಹೋಗುವವರೆಗೂ ಮರೆಯುವುದಿಲ್ಲ.

ಕಾರ್ಯಕ್ರಮದ ವೇಳಾಪಟ್ಟಿ ಮಾಡುವ ಮೊದಲು ಪರೀಕ್ಷೆಯ ವೇಳಾಪಟ್ಟಿ ಮುಂದಿಟ್ಟುಕೊಳ್ಳಬೇಕು. ದಿನಾ ಬುಲೆಟಿನ್ ಮಾಡೋಣ ಅಂತ ಪ್ರತಿ ಬ್ಯಾಚೂ ಹುಮ್ಮಸ್ಸಿನಿಂದ ಬರುತ್ತದೆ. ವಾರಕ್ಕೊಂದು ಮಾಡಿ, ತಪ್ಪದೆ ಮಾಡಿ ಅಂತ ನಾನು ಹೇಳುತ್ತೇನೆ. ಪರೀಕ್ಷೆ ಸಮಯಕ್ಕೆ ಸಂದರ್ಶನಗಳನ್ನು ಮೊದಲೇ ರೆಕಾರ್ಡ್ ಮಾಡಿಟ್ಟಿರಬೇಕು. ಇನ್ನೊಂದು ಮಾತು: ಇವರಿಗೆ ಸಂಬಳ ಇಲ್ಲ, ಗದರಿಸಿ ಕೆಲಸ ತೆಗೆಸಲು ಆಗುವುದಿಲ್ಲ. "ನೋಡ್ತೀನಿ ಸರ್, ಆದ್ರೆ ಬರ್ತೀನಿ" ಅಂದರೆ ಬರುವುದಿಲ್ಲ ಅಂತಲೇ ಬರೆದುಕೊಂಡು ಬೇರೆಯವರನ್ನು ಹುಡುಕುತ್ತೇನೆ. ಯಾರ ಮೇಲೂ ಕೋಪ ಇಲ್ಲ. ಕರೆದಾಗ ಸಲೀಸಾಗಿ "ಆಗಲ್ಲ" ಅನ್ನುವವರು ನನಗೆ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಎಡಿಟಿಂಗ್ ಇನ್ನೊಂದು ಕಗ್ಗಂಟು. ಶೂಟಿಂಗ್‌ಗೆ ಎಲ್ಲರೂ ಓಡುತ್ತಾರೆ, ಟೈಮ್‌ಲೈನ್ ಮುಂದೆ ಕೂರುವವರು ಬೆರಳೆಣಿಕೆ. ಎರಡು ನಿಮಿಷದ ಸುದ್ದಿಗೆ ಒಂದು ಗಂಟೆ ಶೂಟ್ ಮಾಡಿ ತರುತ್ತಾರೆ. ಸೆಕೆಂಡಿಗೆ 50 ಮೆಗಾಬಿಟ್ ಲೆಕ್ಕದಲ್ಲಿ ಅದು 22 ಜಿಬಿ ದಾಟುತ್ತದೆ. ಅದಕ್ಕೇ ನಿಯಮ: ಶೂಟ್ ಮಾಡಿದವರೇ ಯಾವ ಬೈಟ್ (ಜನ ಕ್ಯಾಮೆರಾ ಮುಂದೆ ಆಡಿದ ಮಾತು) ಯಾವ ಟೈಮ್‌ಕೋಡ್‌ನಲ್ಲಿದೆ, ಅಂದರೆ ವಿಡಿಯೋದ ಎಷ್ಟನೇ ನಿಮಿಷ-ಸೆಕೆಂಡಿನಲ್ಲಿದೆ ಅಂತ ಬರೆದುಕೊಡಬೇಕು. ಎರಡು ಬೇರೆ ಬೇರೆ ಡ್ರೈವ್‌ಗೆ ಕಾಪಿ ಆಗಿ, ಪ್ಲೇ ಮಾಡಿ ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ. ಬರೆಯಬೇಕು ಅಂತಾದ ಮೇಲೆ ಶೂಟಿಂಗ್ ತಾನಾಗಿಯೇ ಹತೋಟಿಗೆ ಬಂತು.

ಆಡಳಿತದ ಬಗ್ಗೆ ಖಾರದ ಸುದ್ದಿ ಬಂದಾಗ ಪ್ರಸಾರ ಮಾಡುವ ತೀರ್ಮಾನ ಯಾರದು? ಗಲಾಟೆ ಆದ ಮೇಲೆ ಕೇಳುವ ಪ್ರಶ್ನೆ ಅಲ್ಲ ಇದು. ವಿದ್ಯಾರ್ಥಿ ಸಂಪಾದಕರದ್ದೇ ಕೊನೆ ಮಾತು. ಮಾಹಿತಿ ಸರಿ ಇದೆಯಾ, ಆರೋಪ ಹೊತ್ತವರ ಬೈಟ್ ತಗೊಂಡಿದ್ದಾರಾ, ಕಾನೂನಿನ ತೊಡಕಿದೆಯಾ ಅಂತ ಮಾತ್ರ ನಾನು ನೋಡುವುದು. ಒಂದು ಪುಟದಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿದರೆ ಸಾಕು.

ಅಧಿಕಾರ ಬದಲಾಗುವುದು ವರ್ಷದ ಕೊನೆ ದಿನ ಅಲ್ಲ. ಕೊನೆಯ ಸೆಮಿಸ್ಟರ್ ನಡುವಿನಲ್ಲೇ ಹೊಸ ತಂಡ ಕೂರುತ್ತದೆ, ಹಳಬರು ಪಕ್ಕದಲ್ಲಿರುತ್ತಾರೆ. ಅಷ್ಟರೊಳಗೆ ಅವರು ಸ್ಟುಡಿಯೋ ಪುಸ್ತಕ ಬರೆದು ಮುಗಿಸಬೇಕು. ದೊಡ್ಡ ದೊಡ್ಡ ಮಾತು ಬೇಡ ಅಂತ ಮೊದಲೇ ಹೇಳಿರುತ್ತೇನೆ. "ಎಡಗಡೆ ಮಾನಿಟರ್ ಕೆಂಪಗೆ ತೋರಿಸುತ್ತೆ, ಅದನ್ನ ನೋಡಿ ಕಲರ್ ಸರಿ ಮಾಡಬೇಡಿ." "ಬಾಗಿಲ ಪಕ್ಕದ ಪ್ಲಗ್‌ಗೆ ಎರಡು ಲೈಟ್ ಹಾಕಿದ್ರೆ ಟ್ರಿಪ್ ಆಗುತ್ತೆ." ಇಂಥವು ಯಾವ ಮ್ಯಾನ್ಯುಯಲ್‌ನಲ್ಲೂ ಇರುವುದಿಲ್ಲ.

ಆ ಪುಸ್ತಕದ ಮೊದಲ ಪುಟದಲ್ಲಿ ಖಾತೆಗಳ ಪಟ್ಟಿ ಇದೆ. ಸ್ಟೇಷನ್‌ನ ಯೂಟ್ಯೂಬ್ ಖಾತೆಯನ್ನು ಯಾರೋ ವಿದ್ಯಾರ್ಥಿ ತಮ್ಮ ಸ್ವಂತ ಮೇಲ್‌ನಿಂದ ತೆರೆದಿದ್ದರೆ, ಎರಡು ವರ್ಷದ ಮೇಲೆ ಓಟಿಪಿ ಹೋಗುವುದು ಇನ್ನೆಲ್ಲೋ ನೈಟ್ ಶಿಫ್ಟ್ ಮುಗಿಸಿ ಮಲಗಿರುವವರ ಫೋನಿಗೆ. ಇಲ್ಲಿ ಲೈವ್‌ಗೆ ಹತ್ತು ನಿಮಿಷ ಬಾಕಿ. ಈಗ ಎಲ್ಲ ಖಾತೆಗಳೂ ಸ್ಟೇಷನ್ ಹೆಸರಿನ ಮೇಲ್‌ನಲ್ಲಿವೆ. ಓಟಿಪಿ ಬರುವ ಫೋನ್ ಆಫೀಸಿನದ್ದು. ಬ್ಯಾಕಪ್ ಕೋಡ್‌ಗಳು ಕವರಿನಲ್ಲಿ, ಬೀರುವಿನಲ್ಲಿ. ಬೀರುವಿನ ಕೀಲಿಯೂ ಇಬ್ಬರ ಹತ್ತಿರ ಇದೆ.