ಆನ್‌ಲೈನ್ ಚರ್ಚೆಗೆ ಜೀವ ಬರುವುದು ತರಗತಿಯಲ್ಲಿ

ಒಂದು ಕೋರ್ಸಿನ ಶೇ 40ರಷ್ಟನ್ನು ಆನ್‌ಲೈನ್‌ನಲ್ಲಿ ಕಲಿಸಬಹುದು ಎಂದು 2021ರ ಮೇ ತಿಂಗಳಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಟಿಪ್ಪಣಿ ಹೊರಡಿಸಿತು. ವಿಡಿಯೊ, ನೋಟ್ಸ್, ಕ್ವಿಜ್ ಹೇಗೋ ನಡೆದುಹೋಗುತ್ತವೆ. ಪದವಿ ಕಾಲೇಜುಗಳಲ್ಲಿ ಸೊರಗುವುದು ವಿದ್ಯಾರ್ಥಿಗಳು ಆನ್‌ಲೈನ್‌ನಲ್ಲಿ ಬರೆದು ಚರ್ಚಿಸುವ ಜಾಗ, ಅಂದರೆ ಚರ್ಚಾ ವೇದಿಕೆ. 60 ಜನರ ತರಗತಿಯಲ್ಲಿ ಅದೇ ನಾಲ್ಕೈದು ಹೆಸರು ಮತ್ತೆ ಮತ್ತೆ ಕಾಣುತ್ತವೆ, ಉಳಿದವರು ಓದಿ ಸುಮ್ಮನಾಗುತ್ತಾರೆ. ಅದನ್ನು ಸೋಮಾರಿತನ ಎನ್ನುವುದು ಅನ್ಯಾಯ. ಗುರುತಿಲ್ಲದವರ ಎದುರು ತಪ್ಪು ಬರೆದರೆ ಹೇಗೆ ಎಂಬ ಅಂಜಿಕೆ ಒಂದು ಕಡೆ, ಬರೆದದ್ದು ತರಗತಿಯಲ್ಲಿ ಯಾರಿಗೂ ಬೇಕಾಗಲಿಲ್ಲ ಎಂಬ ಬೇಸರ ಇನ್ನೊಂದು ಕಡೆ.

ಹಾಗಾಗಿ ಮೊದಲ ಎರಡು ವಾರ ಆನ್‌ಲೈನ್ ಚರ್ಚೆ ಬೇಡವೇ ಬೇಡ. ಆ ಅವಧಿಯಲ್ಲಿ ತರಗತಿಯಲ್ಲೇ ಗುಂಪು ಮಾಡಿ, ಒಂದೇ ಬೆಂಚಿನ ಸುತ್ತ ಕೂರಿಸಿ, ಒಂದೆರಡು ಲೆಕ್ಕವನ್ನು ಒಟ್ಟಿಗೆ ಬಿಡಿಸಲು ಕೊಡಬೇಕು. ಗುಂಪಿಗೆ ಐದು ಜನ ಸಾಕು. ಏಳೆಂಟಾದರೆ ಇಬ್ಬರು ಮರೆಯಾಗುತ್ತಾರೆ. ಆದರೆ ಶುರುವಿಗೆ ನಾಲ್ವರನ್ನೇ ಹಾಕಿ, ಐದನೆಯ ಜಾಗ ಖಾಲಿ ಬಿಡಿ. ಅಡ್ಮಿಷನ್ ವಾರಗಟ್ಟಲೆ ಎಳೆಯುತ್ತದೆ. ತಡವಾಗಿ ಸೇರಿದವರನ್ನೆಲ್ಲ ಒಟ್ಟು ಹಾಕಿ ಕೊನೆಯ ಗುಂಪು ಮಾಡಿದರೆ, ಪಾಠವೂ ಗೊತ್ತಿಲ್ಲದ, ಪರಿಚಯವೂ ಇಲ್ಲದ ಐವರು ಅಲ್ಲಿ ಸೇರುತ್ತಾರೆ. ಆ ಗುಂಪು ಸೆಮಿಸ್ಟರ್ ಮುಗಿಯುವವರೆಗೂ ಮಾತಾಡುವುದಿಲ್ಲ. ಗೆಳೆಯರೇ ಗುಂಪು ಕಟ್ಟಿಕೊಳ್ಳಲಿ ಎಂದು ಬಿಟ್ಟರೂ ಕಷ್ಟ, ಯಾರಿಗೂ ಬೇಡವಾದವರು ಎದ್ದು ಕಾಣುತ್ತಾರೆ. ರೋಲ್ ನಂಬರ್ ಹಿಡಿದು ಹಂಚಿ, ಹಾಗೆ ಹಂಚುವಾಗ ಪ್ರತಿ ಗುಂಪಿನಲ್ಲಿ ಕಾಲೇಜಿನ ಹತ್ತಿರವೇ ಇರುವವರು ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ. ನಾಲ್ಕು ಗಂಟೆಯ ಬಸ್ಸಿಗೆ ಓಡಬೇಕಾದವರು ಉತ್ತರ ಬರೆಯಲು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಉಳಿಯಲಾರರು.

ಇನ್ನು ಪ್ರಶ್ನೆ. ‘ಸ್ಥಿರ ವೆಚ್ಚ ಎಂದರೇನು?’ ಎಂದು ವೇದಿಕೆಗೆ ಹಾಕಿದರೆ ಮೊದಲ ಉತ್ತರ ಪುಸ್ತಕದಿಂದ ಬರುತ್ತದೆ, ಉಳಿದ 59 ಅದರ ನಕಲು. ಒಬ್ಬೊಬ್ಬರ ಕೈಯಲ್ಲಿ ಬೇರೆ ಬೇರೆ ಮಾಹಿತಿ ಇದ್ದಾಗ ಮಾತ್ರ ಇನ್ನೊಬ್ಬರದನ್ನು ಓದುವ ಅಗತ್ಯ ಹುಟ್ಟುತ್ತದೆ. ಬಿ.ಕಾಂ. ವೆಚ್ಚ ಲೆಕ್ಕಶಾಸ್ತ್ರಕ್ಕೆ ಹೀಗೆ ಕೇಳಬಹುದು: ನಿಮ್ಮೂರಿನ ಒಂದು ಹೋಟೆಲಿನಲ್ಲಿ ವಿಚಾರಿಸಿ, ಒಂದು ಪ್ಲೇಟ್ ಇಡ್ಲಿಗೆ ಬೀಳುವ ಖರ್ಚನ್ನು ಸ್ಥಿರ (ಎಷ್ಟು ಪ್ಲೇಟ್ ಮಾಡಿದರೂ ಅಷ್ಟೇ ಇರುವುದು), ಬದಲಾಗುವ ಎಂದು ವಿಂಗಡಿಸಿ. ಒಬ್ಬರ ಊರಿನಲ್ಲಿ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್, ಇನ್ನೊಬ್ಬರ ಊರಿನಲ್ಲಿ ಸೌದೆ ಒಲೆ. ಒಂದು ಕಡೆ ಬಾಡಿಗೆ ಕಟ್ಟಡ, ಇನ್ನೊಂದು ಕಡೆ ಮನೆಯ ಜಗಲಿ. ಸಂಬಳವಿಲ್ಲದೆ ದುಡಿಯುವ ಮನೆಯವರ ಕೂಲಿಯನ್ನು ಎಲ್ಲಿ ಸೇರಿಸಬೇಕು ಎಂಬಲ್ಲಿ ಗುಂಪಿನಲ್ಲಿ ಜಗಳವೇ ಆಗುತ್ತದೆ. ಆಗಬೇಕಾದ್ದೂ ಅದೇ.

ಆನ್‌ಲೈನ್ ತರಗತಿ ನಡೆಸುವ ಮೂಡಲ್ (Moodle) ತಂತ್ರಾಂಶ ಬಳಸುವವರು ‘ಪ್ರಶ್ನೋತ್ತರ’ ಬಗೆಯ ವೇದಿಕೆಯನ್ನೇ ಆರಿಸಲಿ. ಅದರಲ್ಲಿ ತನ್ನ ಉತ್ತರ ಹಾಕುವವರೆಗೆ ಇತರರದು ಕಾಣುವುದಿಲ್ಲ. ಹಾಕಿದ ಮೇಲೂ ತಿದ್ದುವ ಅವಧಿ ಕಳೆಯಬೇಕು, ಬದಲಿಸದಿದ್ದರೆ ಅದು 30 ನಿಮಿಷ. ಇದನ್ನು ಮೊದಲೇ ಹೇಳದಿದ್ದರೆ ‘ಸರ್, ಏನೂ ಕಾಣ್ತಿಲ್ಲ’ ಎಂಬ ಕರೆಗಳು ಶುರುವಾಗುತ್ತವೆ. ಗುಂಪಿನ ಸೆಟ್ಟಿಂಗ್ ‘ಪ್ರತ್ಯೇಕ ಗುಂಪು’ ಎಂದಿರಲಿ, 60 ಉತ್ತರಗಳ ರಾಶಿ ಯಾರೂ ಓದುವುದಿಲ್ಲ. ನೆಟ್‌ವರ್ಕ್ ಇಲ್ಲದ ಊರಿನವರಿಗೆ ಮೂಡಲ್ ಆ್ಯಪ್ ಹಾಕಿಸಿ: ನೆಟ್ ಇಲ್ಲದಾಗ ಬರೆದಿಟ್ಟ ಉತ್ತರ, ನೆಟ್ ಸಿಕ್ಕಾಗ ತಾನೇ ಹೋಗುತ್ತದೆ. ಗಡುವನ್ನು ರಾತ್ರಿ 12ಕ್ಕೆ ಇಡಬೇಡಿ. ಮನೆಗೆ ಒಂದೇ ಫೋನ್ ಇರುವವರಿಗೆ ಅದು ಸಿಗುವುದು ಅಪ್ಪನೋ ಅಣ್ಣನೋ ಮನೆಯಲ್ಲಿರುವಾಗ. ಎರಡು ಸಂಜೆಗಳಾದರೂ ಒಳಗೆ ಬರುವಂತೆ 48 ಗಂಟೆ ಕೊಟ್ಟು, ಮಧ್ಯಾಹ್ನ ಮುಗಿಸಿದರೆ ಕಾಲೇಜಿನ ಲ್ಯಾಬ್‌ನಲ್ಲೂ ಬರೆಯಬಹುದು.

ವಾಟ್ಸಾಪ್ ಗುಂಪೇ ಸಾಕಲ್ಲ ಎನ್ನುವವರು ಒಂದು ಮಾತು ಯೋಚಿಸಬೇಕು. ಅಲ್ಲಿ ಬರೆದ ಕೂಡಲೇ ಹುಡುಗಿಯ ನಂಬರ್ 59 ಜನರಿಗೆ ಎದ್ದು ಕಾಣುತ್ತದೆ. ವಿದ್ಯಾರ್ಥಿನಿಯರು ಅಲ್ಲಿ ಮೌನವಾಗಿರುವುದಕ್ಕೆ ಇದೂ ಒಂದು ಕಾರಣ. ವಾಟ್ಸಾಪ್ ಸೂಚನೆಗಳಿಗೆ ಇರಲಿ, ಅಡ್ಮಿನ್ ಮಾತ್ರ ಬರೆಯುವಂತೆ.

ಎಲ್ಲಕ್ಕಿಂತ ಹೆಚ್ಚು ತಪ್ಪುವುದು ಮುಂದಿನ ಹೆಜ್ಜೆ. ವೇದಿಕೆಯಲ್ಲಿ ಬಂದದ್ದನ್ನು ಮರುದಿನದ ತರಗತಿಯ ಮೊದಲ ಹತ್ತು ನಿಮಿಷಕ್ಕೆ ತರಲೇಬೇಕು. ಎರಡು ಗುಂಪುಗಳ ಪರಸ್ಪರ ವಿರುದ್ಧ ಉತ್ತರಗಳನ್ನು ಬೋರ್ಡ್ ಮೇಲೆ ಬರೆದು, ಬರೆದವರ ಹೆಸರು ಹೇಳಿ, ಪಾಠವನ್ನು ಅಲ್ಲಿಂದಲೇ ಎತ್ತಿಕೊಳ್ಳಿ. ತಪ್ಪು ಉತ್ತರವನ್ನು ಮಾತ್ರ ಹೆಸರಿಲ್ಲದೆ ಹೇಳಿ. ಪ್ರತಿಯೊಬ್ಬರ ಉತ್ತರಕ್ಕೂ ಮೇಷ್ಟ್ರು ವೇದಿಕೆಯಲ್ಲೇ ಮಾರುತ್ತರ ಬರೆಯುವುದು ಒಳ್ಳೆಯ ಉದ್ದೇಶದ್ದೇ ಆದರೂ, ಮೇಷ್ಟ್ರು ಬಾಯಿ ಬಿಟ್ಟ ಮೇಲೆ ವಿದ್ಯಾರ್ಥಿಗಳು ಒಬ್ಬರಿಗೊಬ್ಬರು ಬರೆಯುವುದನ್ನು ನಿಲ್ಲಿಸುತ್ತಾರೆ. ಮೊದಲ 24 ಗಂಟೆ ತಡೆಯಿರಿ.

ಇಂಟರ್ನಲ್ ಅಂಕ ಕೊಡುವುದಾದರೆ ಐದರೊಳಗೆ ಇರಲಿ, ಪೋಸ್ಟುಗಳನ್ನು ಎಣಿಸಿ ಕೊಡಬೇಡಿ. ಎಣಿಸಿದರೆ ‘ಚೆನ್ನಾಗಿದೆ’, ‘ಹೌದು’ಗಳ ಮಳೆ ಸುರಿಯುತ್ತದೆ. ಬೇರೆಯವರ ಉತ್ತರ ಓದಿದ ಮೇಲೆ ತನ್ನ ಲೆಕ್ಕದಲ್ಲಿ ಏನು ಬದಲಿಸಿಕೊಂಡೆ ಎಂದು ಬರೆದ ಎರಡು ಸಾಲಿಗೆ ಅಂಕ ಕೊಡಿ. ಆ ಎರಡು ಸಾಲು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲೋ ಇರಲಿ. ವೇದಿಕೆಯ ಮೊದಲ ಪೋಸ್ಟನ್ನು ಮೇಷ್ಟ್ರೇ ಕನ್ನಡದಲ್ಲಿ ಬರೆದುಬಿಟ್ಟರೆ ಅದಕ್ಕೆ ಅನುಮತಿ ಕೇಳುವವರು ಇರುವುದಿಲ್ಲ.